ಟೆಸ್ಟರ್ ಮುಳ್ಳು ಕೆಂಪಿಗೆ ಇಳಿಯಿತೆಂದು ಹಳೆಯ ಬ್ಯಾಟರಿಯನ್ನು ಕೊಟ್ಟುಬಿಡಬೇಡಿ

ಮೈಸೂರಿನಲ್ಲಿ ಕಾರು ಇಟ್ಟುಕೊಂಡಿರುವವರು, ಅದರಲ್ಲೂ ಫೋನ್ ಮಾಡಿದರೆ ಮನೆಗೇ ಬಂದು ಬ್ಯಾಟರಿ ಹಾಕಿಕೊಡುವವರನ್ನು ನಂಬಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ 4,600 ರೂಪಾಯಿ ದಂಡವಾಗಿದೆ. ಹಣ ಹೋದದ್ದು ಒಂದು ಕಡೆ. ನನ್ನ ಮನೆಯ ಅಂಗಳದಲ್ಲೇ, ನನ್ನ ಕಣ್ಣೆದುರೇ, ನಾನೇ ಹೂಂ ಎಂದು ಮೋಸಹೋದೆನಲ್ಲ ಎಂಬ ಸಂಕಟ ಇನ್ನೂ ಆರಿಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯಲಿಲ್ಲ, ಟಕ್ ಟಕ್ ಎಂಬ ಸದ್ದಷ್ಟೇ ಬಂತು. ಬ್ಯಾಟರಿ ಹಾಕಿಸಿ 26 ತಿಂಗಳಾಗಿತ್ತು, ವಾರಂಟಿ 36 ತಿಂಗಳದ್ದು. ಅಂಗಡಿಗೆ ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಒಬ್ಬ ಹುಡುಗ ಹೊಸ ಬ್ಯಾಟರಿಯನ್ನು ಸ್ಕೂಟರಿನ ಮೇಲೆ ಇಟ್ಟುಕೊಂಡೇ ಬಂದ. ಹಳೆಯದನ್ನು ನೋಡುವ ಮೊದಲೇ ಹೊಸದನ್ನು ಏಕೆ ತಂದೆ ಎಂದು ನಾನು ಆಗಲೇ ಕೇಳಬೇಕಿತ್ತು. ಅವನು ಲೋಡ್ ಟೆಸ್ಟರ್ (ಬ್ಯಾಟರಿಯಿಂದ ಜೋರಾಗಿ ಕರೆಂಟ್ ಎಳೆದು ಅದು ತಡೆಯುತ್ತದೋ ಎಂದು ನೋಡುವ ಮೀಟರ್) ಹಚ್ಚಿದ, ಮುಳ್ಳು ಸರ್ರನೆ ಕೆಂಪಿಗೆ ಇಳಿಯಿತು. "ನೋಡಿ ಸಾರ್, ಸೆಲ್ ಹೋಗಿದೆ" ಎಂದ, ಅಂದರೆ ಬ್ಯಾಟರಿಯೊಳಗಿನ ಖಾನೆಗಳಲ್ಲಿ ಒಂದು ಕೆಟ್ಟಿದೆ ಎಂದು. ಮುಚ್ಚಳ ತೆಗೆದು ನೀರು ನೋಡಲಿಲ್ಲ, ಗ್ರಾವಿಟಿ (ಒಳಗಿನ ಆಸಿಡ್ ನೀರಿನ ಸಾಂದ್ರತೆ) ನೋಡಲಿಲ್ಲ, ಟರ್ಮಿನಲ್ ಮೇಲೆ ಕಟ್ಟಿದ್ದ ಬಿಳಿ ಪುಡಿಯನ್ನು ಒರೆಸಲೂ ಇಲ್ಲ.

ವಾರಂಟಿ ಇದೆಯಲ್ಲ ಎಂದೆ. ಅದಕ್ಕೆ ಅವನು ಕೊಟ್ಟ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: "ಕ್ಲೇಮ್‌ಗೆ ಹಾಕಿದ್ರೆ ಹದಿನೈದು ದಿನ ಹಿಡಿಯುತ್ತೆ ಸಾರ್, ಕೊನೆಗೆ ಕಂಪನಿಯವರು ಚಾರ್ಜ್ ಮಾಡಿ ಅದನ್ನೇ ವಾಪಸ್ ಕಳಿಸ್ತಾರೆ." ಚಾರ್ಜ್ ಮಾಡಿ ವಾಪಸ್ ಕಳಿಸುತ್ತಾರೆಂದರೆ ಬ್ಯಾಟರಿ ಕೆಟ್ಟಿಲ್ಲ, ಬರಿದಾಗಿದೆ ಎಂದೇ ಅರ್ಥವಲ್ಲವೇ? ಆ ಮಾತು ಅವನ ಬಾಯಿಂದಲೇ ಬಂದರೂ, ಆಫೀಸಿಗೆ ಹೊತ್ತಾಯಿತೆಂಬ ಆತುರದಲ್ಲಿ ನನಗೆ ಹೊಳೆಯಲಿಲ್ಲ. ಹಳೆಯದಕ್ಕೆ 800 ರೂಪಾಯಿ ಕಳೆದು ಉಳಿದದ್ದನ್ನು ಎಣಿಸಿ ಕೊಟ್ಟೆ.

ಹೊಸದು ಹಾಕಿ ಕಾರು ಸ್ಟಾರ್ಟ್ ಆದ ಮೇಲೂ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಕೆಂಪು ದೀಪ ಆರಲಿಲ್ಲ. ಅದನ್ನು ಮೊದಲು ಕಂಡವಳು ನನ್ನ ಹೆಂಡತಿ. "ಈ ದೀಪ ನಿನ್ನೆಯೂ ಉರೀತಿತ್ತಲ್ಲ" ಎಂದಳು. ಹುಡುಗ, "ಹೊಸ ಬ್ಯಾಟರಿ ಅಲ್ವಾ ಮೇಡಂ, ಎರಡು ದಿನ ಓಡಿಸಿ, ಹೋಗುತ್ತೆ" ಎಂದ. ಅವನಿಗೆಲ್ಲ ಗೊತ್ತಿರುತ್ತದೆ ಬಿಡು ಎಂದು ನಾನೇ ಅವಳನ್ನು ಸುಮ್ಮನಾಗಿಸಿದೆ. ಇದನ್ನು ನೆನೆದರೆ ಈಗಲೂ ಅವಳ ಮುಖ ನೋಡಲು ನಾಚಿಕೆಯಾಗುತ್ತದೆ.

ಐದನೆಯ ದಿನ ಮತ್ತೆ ಅದೇ ಟಕ್ ಟಕ್. ಆಗ 450 ರೂಪಾಯಿ ಕೊಟ್ಟು ಒಂದು ಮಲ್ಟಿಮೀಟರ್ ತಂದು, ಡಿ.ಸಿ. 20 ವೋಲ್ಟ್‌ಗೆ ಇಟ್ಟು ನಾನೇ ಅಳೆದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಹೆಚ್ಚುಕಡಿಮೆ ಖಾಲಿ. ನನ್ನ ಹೊಸ ಬ್ಯಾಟರಿ ತೋರಿಸಿದ್ದು 11.7. ಪಕ್ಕದ ಮನೆಯವರ ಕಾರಿನ ಬ್ಯಾಟರಿಗೆ ಕೇಬಲ್ ಜೋಡಿಸಿ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿ, ಕೇಬಲ್ ತೆಗೆದು, ಇಂಜಿನ್ ಓಡುತ್ತಿರುವಾಗಲೇ ಮತ್ತೆ ಅಳೆದೆ. 13.5ರಿಂದ 14.5ರೊಳಗೆ ಇರಬೇಕಾದದ್ದು 11.9 ಇತ್ತು, ನೋಡನೋಡುತ್ತಲೇ ಇಳಿಯುತ್ತಲೂ ಇತ್ತು. ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತುಂಬಬೇಕಾದ ಡೈನಮೋ (ಆಲ್ಟರ್ನೇಟರ್) ಚಾರ್ಜ್ ಮಾಡುತ್ತಲೇ ಇರಲಿಲ್ಲ! ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ, ಕಾರ್ಬನ್ ಬ್ರಷ್ ಸವೆದಿದೆ ಎಂದು ಬದಲಿಸಿದರು, 900 ರೂಪಾಯಿ. ಈಗ 14.1 ತೋರಿಸುತ್ತಿದೆ, ಕೆಂಪು ದೀಪ ಆರಿದೆ.

ಅಂಗಡಿಗೆ ಫೋನ್ ಮಾಡಿದರೆ ಮಾಲೀಕರು, "ಡೈನಮೋ ನೋಡೋದು ನಮ್ಮ ಕೆಲಸ ಅಲ್ಲ ಸಾರ್, ನಾವು ಬ್ಯಾಟರಿಯವರು" ಎಂದರು. ಹಾಗಾದರೆ ನನ್ನ ಹಳೆಯ ಬ್ಯಾಟರಿ ಕೊಡಿ, ಚಾರ್ಜ್ ಮಾಡಿಸಿ ನೋಡುತ್ತೇನೆ ಎಂದೆ. "ಅದು ಆವತ್ತೇ ಗುಜರಿಗೆ ಹೋಯ್ತು." ಸೆಲ್ ಹೋಗಿದೆ ಎಂದು ಯಾವ ಆಧಾರದ ಮೇಲೆ ಹೇಳಿದಿರಿ ಎಂದು ಕೇಳಿದ್ದಕ್ಕೆ, "ನೀವೇ ಹೂಂ ಅಂದ್ರಲ್ಲ ಸಾರ್" ಎಂದರು. ನೀವೇ ಹೂಂ ಅಂದ್ರಲ್ಲ! ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಬರಿದಾದ ಬ್ಯಾಟರಿಗೆ ಲೋಡ್ ಟೆಸ್ಟರ್ ಹಚ್ಚಿದರೆ ಎಂಥ ಒಳ್ಳೆಯ ಬ್ಯಾಟರಿಯ ಮುಳ್ಳೂ ಕೆಂಪಿಗೇ ಬೀಳುತ್ತದೆ. ಮೊದಲು ಪೂರ್ತಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಬಿಟ್ಟು ಅಳೆಯಿರಿ. ನಿಜವಾಗಿಯೂ ಒಂದು ಸೆಲ್ ಹೋಗಿದ್ದರೆ ಆಗಲೂ 10.5ರ ಆಸುಪಾಸಿನಲ್ಲೇ ನಿಂತಿರುತ್ತದೆ. ಬ್ಯಾಟರಿಯ ಹತ್ತಿರ ಬೆಂಕಿಕಡ್ಡಿ, ಬೀಡಿ, ಸಿಗರೇಟು ಬೇಡ, ಅದರಿಂದ ಹೊರಡುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಇಷ್ಟನ್ನು ನೋಡಿ ಮುಗಿಸುವ ತನಕ ಹಳೆಯದನ್ನು ಮನೆಯಿಂದ ಹೊರಗೆ ಕಳಿಸಬೇಡಿ, ಎಷ್ಟೇ ಅವಸರವಿರಲಿ.

ನನ್ನ ಬಿಲ್ಲಿನಲ್ಲಿ "ಹಳೆಯ ಬ್ಯಾಟರಿ 800" ಎಂದಷ್ಟೇ ಇದೆ, ಸೀರಿಯಲ್ ನಂಬರ್ ಬರೆದಿಲ್ಲ. ಹತ್ತು ತಿಂಗಳ ವಾರಂಟಿ ಉಳಿದಿರುವ ಕಾರ್ಡು ನನ್ನ ಕೈಯಲ್ಲಿದೆ. ಕ್ಲೇಮ್ ಮಾಡಬೇಕಾದರೆ ಬ್ಯಾಟರಿಯನ್ನೇ ತನ್ನಿ ಎನ್ನುತ್ತಾರೆ.