ಲಂಡನ್ನಿನಲ್ಲಿ ಎರಡು ಗಂಟೆಯ ಸೈಕಲ್ ತರಬೇತಿ

ಬಾಲ್ಯದಿಂದ ಮೈಸೂರಿನಲ್ಲಿ ಸೈಕಲ್ ತುಳಿದವನಾದರೂ ಲಂಡನ್ನಿನ ರಸ್ತೆಗಿಳಿಯಲು ಅಂಜಿಕೆಯಿತ್ತು. ಹಾಗಾಗಿ ಸ್ಥಳೀಯ ಆಡಳಿತವು ವಯಸ್ಕರಿಗೆ ಉಚಿತವಾಗಿ ನೀಡುವ ತರಬೇತಿಗೆ ಹೆಸರು ನೋಂದಾಯಿಸಿದೆ. ಬ್ರಿಟನ್ನಿನ ರಸ್ತೆ ಸಂಚಾರ ನಿಯಮಗಳ ಸಂಹಿತೆಯಾದ ಹೈವೇ ಕೋಡ್ 2022ರ ಜನವರಿ 29ರಂದು ಪರಿಷ್ಕೃತಗೊಂಡಿದ್ದು, ಆ ಬದಲಾವಣೆಗಳ ಅರ್ಥ ನನಗೆ ಓದಿದ್ದಕ್ಕಿಂತ ಇಲ್ಲಿಯೇ ಚೆನ್ನಾಗಿ ಮನದಟ್ಟಾಯಿತು.

ಹಳೆಯ ರೂಢಿಯಂತೆ ನಾನು ಚರಂಡಿಯ ಕಬ್ಬಿಣದ ಜಾಲರಿಗಳ ಮೇಲೆಯೇ, ರಸ್ತೆಯ ಅಂಚಿಗೆ ಅಂಟಿಕೊಂಡು ಸಾಗುತ್ತಿದ್ದೆ. ಬೋಧಕಿ ನನ್ನನ್ನು ನಿಲ್ಲಿಸಿ, ಸಂಚಾರ ವಿರಳವಾದ ರಸ್ತೆಯಲ್ಲಿ ಪಥದ ನಡುವೆ ಸಾಗುವಂತೆ 72ನೇ ನಿಯಮವೇ ಹೇಳುತ್ತದೆಂದು ವಿವರಿಸಿದರು. ಗಂಟೆಗೆ 30 ಮೈಲಿಯವರೆಗಿನ ವೇಗದಲ್ಲಿ ಸೈಕಲನ್ನು ಹಿಂದಿಕ್ಕುವ ವಾಹನ ಬಿಡಬೇಕಾದ ಕನಿಷ್ಠ 1.5 ಮೀಟರ್ ಅಂತರವನ್ನು ಅವರು ಟೇಪ್ ಹಾಸಿ ತೋರಿಸಿದಾಗ, ಅಷ್ಟು ಜಾಗ ನನಗೆ ಯಾವ ಊರಿನಲ್ಲಿಯೂ ಸಿಕ್ಕಿರಲಿಲ್ಲವೆಂದು ನೆನೆದು ಮನಸ್ಸು ಭಾರವಾಯಿತು. ನಿಂತ ಕಾರಿನಲ್ಲಿ ಕುಳಿತು ಎಡಗೈಯಿಂದ ಬಲಬಾಗಿಲು ತೆರೆಯುವುದನ್ನೂ ಅಭ್ಯಾಸ ಮಾಡಿದೆವು. ಹಾಗೆ ಮಾಡಿದರೆ ಭುಜ ತಾನಾಗಿ ತಿರುಗಿ, ಹಿಂದಿನಿಂದ ಬರುವ ಸೈಕಲ್ ಕಣ್ಣಿಗೆ ಬೀಳುತ್ತದೆ.

ಒಂದು ಕೊರತೆಯನ್ನು ಹೇಳಲೇಬೇಕು. ಈ ಸಂಹಿತೆಯಲ್ಲಿ ಕಡ್ಡಾಯವೆಂದು ಸೂಚಿಸಿದ ನಿಯಮಗಳ ಉಲ್ಲಂಘನೆ ಮಾತ್ರ ನೇರ ಅಪರಾಧವಾಗುತ್ತದೆ, 1.5 ಮೀಟರ್ ಅಂತರದಂತಹ ಸಲಹೆಗಳನ್ನು ನ್ಯಾಯಾಲಯದಲ್ಲಿ ಹೊಣೆ ನಿರ್ಧರಿಸಲು ಬಳಸಬಹುದಷ್ಟೆ. ಇಷ್ಟು ಮುಖ್ಯವಾದ ವ್ಯತ್ಯಾಸವನ್ನು ನಾನು ಕೇಳಿದ ಮೇಲೆಯೇ ಹೇಳಿದರು. ರಾತ್ರಿ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯವಾಗಿದ್ದರೂ ಕತ್ತಲಿನ ಸವಾರಿಗೆ ಪಾಠದಲ್ಲಿ ಜಾಗವಿರಲಿಲ್ಲ. ಆದರೂ ಹೊಸದಾಗಿ ಇಲ್ಲಿಗೆ ಬರುವ ಕನ್ನಡಿಗರು ಸೈಕಲ್ ಕೊಳ್ಳುವ ಮೊದಲೇ ಇದಕ್ಕೆ ಹೆಸರು ಕೊಡಲಿ.