ಬಾರ್ಬರ್ ಆಫ್ ಸೆವಿಲ್ ಡಿವಿಡಿ (ರಾಯಲ್ ಒಪೆರಾ, 2009): ಇಷ್ಟು ವರ್ಷ ಆದ್ಮೇಲೂ ನಗು ಬರುತ್ತಾ?

ಕಾಮಿಡಿ ಡಿವಿಡಿಗೆ ತಗೊಂಡ ವಾರದಲ್ಲೇ ರಿವ್ಯೂ ಬರೀಬಾರದು ಅಂತೀನಿ ನಾನು, ಯಾಕಂದ್ರೆ ಮೊದಲ ಸಲ ಎಲ್ಲದಕ್ಕೂ ನಗು ಬರುತ್ತೆ. ಇಟಲಿಯ ರೊಸ್ಸೀನಿ ಸಂಗೀತ ಕಟ್ಟಿದ ಈ ಒಪೆರಾನ (ಹಾಡಲ್ಲೇ ನಡೆಯೋ ನಾಟಕ) ಲಂಡನ್ನಿನ ರಾಯಲ್ ಒಪೆರಾ ಹೌಸ್‌ನಲ್ಲಿ 2009ರ ಜುಲೈನಲ್ಲಿ ಶೂಟ್ ಮಾಡಿದ್ದು, ನಮ್ಮನೇಲಿ ಈ ಡಿವಿಡಿ ಎಷ್ಟೋ ವರ್ಷದಿಂದ ಓಡ್ತಾನೇ ಇದೆ, ಹಾಗಾಗಿ ಯಾವ ಜೋಕು ಹಳಸಿದೆ, ಯಾವುದು ಇನ್ನೂ ತಾಜಾ ಇದೆ ಅಂತ ಈಗ ಹೇಳ್ಬಹುದು.

ಗೊತ್ತಿಲ್ಲದೋರಿಗೆ ಕಥೆ ಇಷ್ಟೇ: ಡಾಕ್ಟರ್ ಬಾರ್ತೊಲೊ ಅನ್ನೋ ಮುದುಕ ತನ್ನ ಆಶ್ರಯದಲ್ಲಿರೋ ರೋಸಿನಾನ ಮನೇಲಿ ಕೂಡಿ ಹಾಕಿದಾನೆ, ಅವಳನ್ನೂ ಅವಳ ಆಸ್ತೀನೂ ಒಟ್ಟಿಗೆ ಹೊಡ್ಕೊಳ್ಳೋ ಪ್ಲಾನು, ಅವಳನ್ನ ಪ್ರೀತಿಸೋ ಕೌಂಟ್ ಅಲ್ಮವೀವಾ ಒಂದಾದ್ಮೇಲೊಂದು ವೇಷ ಹಾಕ್ಕೊಂಡು ಆ ಮನೆಗೆ ನುಗ್ತಾನೆ, ಐಡಿಯಾ ಕೊಡೋನು ಊರ ಬಾರ್ಬರ್ ಫಿಗರೊ.

ಈ ರೆಕಾರ್ಡಿಂಗ್ ಫೇಮಸ್ ಆಗಿದ್ದು ವೀಲ್‌ಚೇರಿಂದ. ಜುಲೈ 4ರ ಮೊದಲ ಶೋದಲ್ಲಿ ರೋಸಿನಾ ಪಾತ್ರದ ಜಾಯ್ಸ್ ಡಿಡೊನಾಟೊ ಸ್ಟೇಜ್ ಮೇಲೇ ಬಿದ್ದು ಕಾಲಿನ ಮೂಳೆ ಮುರ್ಕೊಂಡ್ರು. ಆದ್ರೂ ಕುಂಟ್ಕೊಂಡೇ ಶೋ ಮುಗಿಸಿದ್ರು, ಆಮೇಲೆ ಆಸ್ಪತ್ರೆಗೆ ಹೋದಾಗ್ಲೇ ಫ್ರಾಕ್ಚರ್ ಅಂತ ಗೊತ್ತಾಗಿದ್ದು. ಉಳಿದ ಶೋಗಳನ್ನೆಲ್ಲ ಗುಲಾಬಿ ಪ್ಲಾಸ್ಟರ್ ಹಾಕ್ಕೊಂಡು ವೀಲ್‌ಚೇರಲ್ಲೇ ಕೂತು ಹಾಡಿದ್ರು, ಡಿವಿಡಿಯಲ್ಲಿರೋದೂ ಅದೇ. ಮೊದಲ ಸಲ ನೋಡಿದಾಗ ಕುರ್ಚಿ ತಿರುಗಿದಾಗೆಲ್ಲ ನಗು, ಅದು ಈಗ ಸವೆದು ಹೋಗಿದೆ, ನಿಜ ಹೇಳ್ಬೇಕಂದ್ರೆ ಕಣ್ಣಿಗೇ ಬೀಳಲ್ಲ. ಉಳ್ಕೊಂಡಿದ್ದು ಬೇರೆ. ಓಡಾಡಿ, ಮೆಟ್ಟಿಲು ಹತ್ತಿ, ಸೆರಗು ಬೀಸಿ ನಗಿಸೋ ದಾರಿ ಎಲ್ಲ ಬಂದ್ ಆಗಿರೋದ್ರಿಂದ ಆಕೆ ಎಲ್ಲವನ್ನೂ ಮುಖ, ಕೈ, ಗಂಟಲಲ್ಲೇ ಮಾಡ್ಬೇಕು. 'ಊನಾ ವೋಚೆ ಪೋಕೊ ಫಾ' ಹಾಡಲ್ಲಿ 'ನಾನು ಸಾಧು ಹುಡುಗಿ, ಹೇಳಿದ ಮಾತು ಕೇಳ್ತೀನಿ' ಅಂತ ಮೆತ್ತಗೆ ಹಾಡಿ, ಒಂದು ಕ್ಷಣ ತಡೆದು, ನನ್ನ ತಂಟೆಗೆ ಬಂದ್ರೆ ಹಾವಾಗ್ತೀನಿ ಅಂತ ತಿರುಗ್ತಾಳಲ್ಲ, ಆ ತಡೆದಿರೋ ಕ್ಷಣ ಇದ್ಯಲ್ಲ, ಅದಕ್ಕೆ ನಾನು ಈಗ್ಲೂ ಕಾಯ್ತೀನಿ. ಈ ಪಾತ್ರನ ರೊಸ್ಸೀನಿ ಬರೆದಿದ್ದೇ ಕೆಳಗಿನ ಹೆಣ್ಣು ದನಿಗೆ, ಸೊಪ್ರಾನೊಗಳು, ಅಂದ್ರೆ ಮೇಲಿನ ಹೆಣ್ಣು ದನಿಯೋರು, ಆಮೇಲೆ ಎತ್ಕೊಂಡು ಮೇಲಿನ ಶ್ರುತಿಯಲ್ಲಿ ಹಕ್ಕಿ ಥರ ಹಾಡೋಕೆ ಶುರು ಮಾಡಿದ್ದು. ಮೆಝೊ ಅನ್ನೋ ಕೆಳಗಿನ ದನೀಲಿ ಕೇಳಿದ್ರೆ ಹುಡುಗಿ ಮುದ್ದುಗೊಂಬೆ ಅಲ್ಲ, ಲೆಕ್ಕಾಚಾರದೋಳು ಅಂತ ಅನ್ಸುತ್ತೆ.

ಅಂದಹಾಗೆ ಈ ಒಪೆರಾಗೂ ಮೊದಲ ಶೋಗೂ ಆಗ್ಬರೋದೇ ಇಲ್ವೇನೋ. 1816ರ ಫೆಬ್ರವರಿ 20, ರೋಮಿನ ತೆಯಾತ್ರೊ ಅರ್ಜೆಂತೀನಾ, ರೊಸ್ಸೀನಿಗೆ ಇನ್ನೂ 24 ತುಂಬಿರ್ಲಿಲ್ಲ. ಇದೇ ಕಥೆ ಮೇಲೆ ಪೈಸಿಯೆಲ್ಲೊ ಅನ್ನೋ ಇನ್ನೊಬ್ಬ ಸಂಗೀತಗಾರ 1782ರಲ್ಲೇ ಒಪೆರಾ ಮಾಡಿ ಹೆಸರು ಮಾಡಿದ್ದ, ಅವನ ಅಭಿಮಾನಿಗಳು ಬೇಜಾರಾಗ್ಬಾರದು ಅಂತ ರೊಸ್ಸೀನಿ ಟೈಟಲ್ಲೇ ಬದಲಾಯಿಸಿ 'ಅಲ್ಮವೀವಾ' ಅಂತ ಇಟ್ಟಿದ್ದ, ಆದ್ರೂ ಅವತ್ತು ಥಿಯೇಟರ್ ತುಂಬ ಸಿಳ್ಳೆ ಗಲಾಟೆ. ಸಂಗೀತದ ಮೇಷ್ಟ್ರು ಬಸೀಲಿಯೊನ ಪಾತ್ರಧಾರಿ ಎಡವಿ ಬಿದ್ದು ಮೂಗಲ್ಲಿ ರಕ್ತ, ಸಾಲದ್ದಕ್ಕೆ ಸ್ಟೇಜಿಗೆ ಬೆಕ್ಕು ಬೇರೆ ಬಂತಂತೆ. ಆಮೇಲಿನ ಶೋಗಳಲ್ಲಿ ಜನ ತಲೆ ಮೇಲೆ ಹೊತ್ಕೊಂಡ್ರು.

ಈಗ ಹಳಸದೇ ಇರೋ ವಿಷಯಕ್ಕೆ ಬರ್ತೀನಿ. ಬಾರ್ತೊಲೊ ಮಾಡಿರೋ ಅಲೆಸ್ಸಾಂಡ್ರೊ ಕೊರ್ಬೆಲ್ಲಿ ಒಂದು ಸಲಾನೂ ನಗಿಸೋಕೆ ಅಂತ ಟ್ರೈ ಮಾಡಲ್ಲ, ಆ ಮನುಷ್ಯ ನಿಜವಾಗ್ಲೂ ಸಿಟ್ಟಲ್ಲಿದಾನೆ, ಅವಮಾನ ಆಗಿದೆ ಅವನಿಗೆ, ಅದೇ ನಗು. 'ಆ ಊನ್ ದೊತ್ತೊರ್' ಹಾಡಿನ ಕೊನೇಲಿ ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರ ಇಟ್ಟು ಪಟಪಟ ಅಂತ ಉದುರಿಸ್ಬೇಕು, ಉಸಿರು ತಗೊಳ್ಳೋಕೆ ಜಾಗಾನೇ ಇಲ್ಲ, ಹೆಚ್ಚಿನೋರು ಅಲ್ಲಿ ಅಕ್ಷರ ನುಂಗಿ ಕಣ್ಣು ತಿರುಗಿಸಿ ಬಚಾವಾಗ್ತಾರೆ. ಈತ ಇಟಾಲಿಯನ್ನಿನ ಒತ್ತಕ್ಷರ ಒಂದೂ ಬಿಡ್ದೆ ಹೇಳ್ತಾನೆ. ಸ್ಪಷ್ಟವಾಗಿ ಕೇಳ್ಸಿದಷ್ಟೂ ಸಿಟ್ಟು ಜಾಸ್ತಿ ಕಾಣುತ್ತೆ, ನಗು ಕೂಡ.

ಇನ್ನು ಎರಡನೇ ಅಂಕದ 'ಬುವೋನಾ ಸೇರಾ' ಸೀನು. ಸಂಗೀತದ ಮೇಷ್ಟ್ರು ಬಸೀಲಿಯೊ (ಫೆರ್ರೂಚೊ ಫುರ್ಲನೆತ್ತೊ) ಬರಬಾರದ ಹೊತ್ತಲ್ಲಿ ಬರ್ತಾನೆ, ಒಂದು ಮಾತಾಡಿದ್ರೆ ಎಲ್ಲರ ಗುಟ್ಟೂ ರಟ್ಟು, ಅದಕ್ಕೆ ಎಲ್ಲ ಸೇರಿ ನಿನಗೆ ಜ್ವರ ಬಂದಿದೆ ಹೋಗಿ ಮಲಕ್ಕೋ ಅಂತಾರೆ, ಕೈಯಲ್ಲಿ ದುಡ್ಡಿನ ಚೀಲ ಬಿದ್ಮೇಲೆ ಅವನಿಗೂ ಜ್ವರ ಇರ್ಬಹುದು ಅನ್ಸುತ್ತೆ. ಶುಭರಾತ್ರಿ ಅಂತ ಎಷ್ಟು ನಯವಾಗಿ, ಎಷ್ಟು ಸಲ ಹಾಡ್ತಾರೆ ಅಂದ್ರೆ ಮುಗೀತು ಅನ್ನೋವಾಗ ಮತ್ತೆ ಶುರು. ಆಮೇಲೆ ಕೊನೇಲಿ 'ಝಿತ್ತಿ ಝಿತ್ತಿ', ಸದ್ದು ಮಾಡ್ಬೇಡಿ, ಬೇಗ ಏಣಿ ಇಳಿದು ಓಡೋಣ ಅಂತ ಹಾಡೋದು, ಆದ್ರೆ ಹಾಡು ಪೂರ್ತಿ ಆಗೋವರೆಗೂ ಒಬ್ರೂ ಓಡೋ ಹಾಗಿಲ್ಲ, ಅಷ್ಟ್ರಲ್ಲಿ ಏಣೀನೇ ಮಾಯ. ಅದಕ್ಕೂ ಸ್ವಲ್ಪ ಮೊದಲು ಪ್ರೇಮಿಗಳು ಗಮಕ ಎಳೀತಾ ಮೈಮರೆತಿದ್ರೆ ಫಿಗರೊ ಪಕ್ಕದಲ್ಲಿ ನಿಂತು ಅವರ ಗಮಕದ ಬಾಲಾನ ಅಣಕಿಸ್ತಾ ಇರ್ತಾನೆ. ಡೈರೆಕ್ಟರ್ ತಂದು ಸೇರಿಸಿದ ಜೋಕಲ್ಲ ಇದು, ರೊಸ್ಸೀನಿ ಸಂಗೀತದಲ್ಲೇ ಬರೆದಿಟ್ಟಿರೋದು, ಹಾಗಾಗಿ ಸವೆಯಲ್ಲ.

ಅಲ್ಮವೀವಾ ಮಾಡಿರೋ ಹುವಾನ್ ದಿಯೇಗೊ ಫ್ಲೋರೆಸ್ ಬಗ್ಗೆ ನನ್ನದು ಎರಡು ಮನಸ್ಸು. ಮೂಗಲ್ಲಿ 'ಪಾಚೆ ಎ ಜೋಯಾ' (ಶಾಂತಿ, ಸಂತೋಷ) ಅಂತ ಕೊರೆಯೋ ಸುಳ್ಳು ಮೇಷ್ಟ್ರ ವೇಷ ಸೂಪರ್. ಆದ್ರೆ ಕೊನೇಲಿ 'ಚೆಸ್ಸಾ ದಿ ಪ್ಯೂ' ಅನ್ನೋ ಉದ್ದದ ಹಾಡಿದೆ, ಕಷ್ಟ ಅಂತ ಬಹಳ ಕಡೆ ಕತ್ತರಿಸ್ತಾ ಇದ್ದಿದ್ದನ್ನ ಈತ ಹಾಡ್ತಾನೆ, ದನಿ ನೀರಿನ ಥರ ಹರಿಯುತ್ತೆ, ನಾಟಕ ಮಾತ್ರ ಅಲ್ಲಿ ನಿಂತೇ ಹೋಗುತ್ತೆ. ರೊಸ್ಸೀನಿನೇ ಈ ಟ್ಯೂನನ್ನ ಮರುವರ್ಷ 'ಲಾ ಚೆನೆರೆಂತೊಲಾ' ಅನ್ನೋ ತನ್ನ ಇನ್ನೊಂದು ಒಪೆರಾದಲ್ಲಿ ನಾಯಕಿಗೆ ಕೊಟ್ಟ, ಅಲ್ಲಿ ಇನ್ನೂ ಚೆನ್ನಾಗಿ ಕೂತಿದೆ. (ಮಿಲಾನಿನ ಲಾ ಸ್ಕಾಲಾದಲ್ಲಿ ಒನ್ಸ್ ಮೋರ್ ಹಾಡೋ ಹಾಗಿರ್ಲಿಲ್ಲ, 1933ರಲ್ಲಿ ರಷ್ಯಾದ ಗಾಯಕ ಶಲ್ಯಾಪಿನ್ ಇದೇ ಬಾರ್ಬರ್‌ನಲ್ಲಿ ಹಾಡಿದ್ದೇ ಕೊನೆ, 2007ರಲ್ಲಿ ಅದನ್ನ ಮುರಿದಿದ್ದು ಇದೇ ಫ್ಲೋರೆಸ್, ಬೇರೆ ಒಪೆರಾದಲ್ಲಿ. ನಮ್ಮ ಕಂಪನಿ ನಾಟಕದೋರು ಕೇಳಿದ್ರೆ ಇದಕ್ಕೂ ರೂಲ್ಸಾ ಅಂತ ನಗ್ತಿದ್ರು.)

ಇದನ್ನ ತಗೊಳ್ಳೋದಾ, ಇದೇ ಒಪೆರಾನ ಪೊನ್ನೆಲ್ ಡೈರೆಕ್ಟ್ ಮಾಡಿದ 1972ರ ಫಿಲ್ಮಾ ಅಂತ ತುಂಬ ಜನ ಕೇಳ್ತಾರೆ. ಅದ್ರಲ್ಲಿ ಅಬ್ಬಾದೊ ಕಂಡಕ್ಟರ್ (ಆರ್ಕೆಸ್ಟ್ರಾ ನಡೆಸೋನು), ಹಾಡೋರು ಹೆರ್ಮನ್ ಪ್ರೈ (ಫಿಗರೊ), ತೆರೇಸಾ ಬೆರ್ಗಾಂಝಾ (ರೋಸಿನಾ), ಲುಯೀಜಿ ಆಲ್ವಾ (ಅಲ್ಮವೀವಾ), ಎಂಝೊ ದಾರಾ (ಬಾರ್ತೊಲೊ). ಬರೀ ಆರ್ಕೆಸ್ಟ್ರಾ ಕೇಳೋದಾದ್ರೆ ಅದೇ ಒಂದು ಕೈ ಮೇಲೆ, ಸಣ್ಣಗೆ ಶುರುವಾಗಿ ಉಬ್ಬೋ ಆ ಕ್ರೆಶೆಂಡೊಗಳನ್ನ ಅಬ್ಬಾದೊ ಥರ ಹದವಾಗಿ ಕಾಯಿಸೋರು ಕಮ್ಮಿ. ಬಸೀಲಿಯೊ ಆಗಿರೋ ಪಾವ್ಲೊ ಮೊಂತಾರ್ಸೊಲೊ ಮುಖ ಕ್ಲೋಸಪ್ಪಲ್ಲಿ ನೋಡಿದ್ರೆ ಸಾಕು. ಆದ್ರೆ ಹಾಡು ಮೊದ್ಲೇ ರೆಕಾರ್ಡ್ ಮಾಡಿ ಆಮೇಲೆ ಬಾಯಿ ಆಡಿಸಿರೋದು, ಎಷ್ಟು ಕಷ್ಟದ ಜಾಗದಲ್ಲೂ ಕತ್ತಿನ ನರ ಅಲ್ಲಾಡಲ್ಲ, ನಗೋ ಪ್ರೇಕ್ಷಕರೂ ಇಲ್ಲ. ಲಂಡನ್ ಡಿವಿಡಿಯಲ್ಲಿ ಜನ ನಕ್ಕಾಗ ಕಂಡಕ್ಟರ್ ಆಂಟೋನಿಯೊ ಪಪಾನೊ ಅವರ ಆರ್ಕೆಸ್ಟ್ರಾ, ಸಿಂಗರ್‌ಗಳು ಎಲ್ರೂ ಒಟ್ಟಿಗೆ ಉಸಿರು ಬಿಗಿ ಹಿಡಿದ ಹಾಗೆ ಅನ್ಸುತ್ತೆ.

ದೂರು ಎರಡಿದೆ. ಐದಾರು ಜನ ಒಟ್ಟಿಗೆ ಹಾಡೋವಾಗ ಕ್ಯಾಮೆರಾ ಒಬ್ಬರ ಮುಖಕ್ಕೇ ಅಂಟ್ಕೊಳ್ಳುತ್ತೆ, ನಗು ಇರೋದು ಪಕ್ಕದೋನ ಮುಖದಲ್ಲಿ, ಅದು ಫ್ರೇಮಲ್ಲೇ ಇಲ್ಲ. ಇನ್ನೊಂದು ಸಬ್‌ಟೈಟಲ್, ಸಿಂಗರ್ ಬಾಯಿ ತೆಗೆಯೋ ಮೊದ್ಲೇ ಜೋಕು ಕೆಳಗೆ ಬಂದ್ಬಿಡುತ್ತೆ. ಹೊಸಬರು ಮೊದಲ ಸಲ ಸಬ್‌ಟೈಟಲ್ ಹಾಕಿ ಕಥೆ ತಿಳ್ಕೊಳ್ಳಿ, ಎರಡನೇ ಸಲ ಆಫ್ ಮಾಡಿ. ಪೂರ್ತಿ ಕೂರೋಕೆ ಟೈಮ್ ಇಲ್ಲ ಅಂದ್ರೆ ಎರಡನೇ ಅಂಕದ ಸಂಗೀತ ಪಾಠದಿಂದ ಶುರು ಮಾಡಿ, ಟೀವಿ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕ್ಕೊಳ್ಳಿ, ಕೊರ್ಬೆಲ್ಲಿ ಗೊಣಗೋದು ಇಲ್ಲಾಂದ್ರೆ ಕೇಳ್ಸಲ್ಲ. ಐದಕ್ಕೆ ನಾಲ್ಕೂವರೆ ಸ್ಟಾರ್, ಅರ್ಧ ಕಟ್ ಮಾಡಿದ್ದು ಆ ಕ್ಯಾಮೆರಾಗೆ.