ಸೆಮಿನಾರಿಗೆ ಯಾವ ಪಾಲಿಮರೇಸ್?

ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಸೆಮಿನಾರಿಗೆ ವಿಷಯ ಹುಡುಕುತ್ತಿದ್ದೀರಾ? ಸಿಗುವುದು ಹತ್ತೇ ನಿಮಿಷವಾದರೆ ಇ. ಕೋಲಿ ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸ್, ಅಂದರೆ ಡಿಎನ್‌ಎ ಓದಿ ಆರ್‌ಎನ್‌ಎ ಬರೆಯುವ ಕಿಣ್ವ, ಹಿಡಿಯಿರಿ. ಐದು ಉಪಘಟಕಗಳ ಈ ಕಿಣ್ವಕ್ಕೆ, ಓದು ಶುರುವಾಗುವ ಜಾಗ ಗುರುತಿಸುವ ಸಿಗ್ಮಾ ಎಂಬ ಪ್ರೋಟೀನ್ ಜೊತೆಯಾದರೆ, ಸಾಮಾನ್ಯವಾಗಿ ಡಿಎನ್‌ಎ ಬಿಚ್ಚಲು ಜೀವಕೋಶದ ಇಂಧನವಾದ ಎಟಿಪಿ ಸುಡಬೇಕಿಲ್ಲ. ಆ ಜಾಗಕ್ಕೆ ತುಸು ಮೊದಲಿರುವ ಟಿಎಟಿಎಎಟಿ ಎಂಬ ಡಿಎನ್‌ಎ ಸರಣಿಯ ಎರಡನೆಯ ಅಕ್ಷರವಾದ ಅಡೆನಿನ್ ತನ್ನ ಜೋಡಿಯನ್ನು ಬಿಟ್ಟು ಹೊರಳಿ, ಸಿಗ್ಮಾದ ಪುಟ್ಟ ಜೇಬಿನೊಳಗೆ ಕುಳಿತುಕೊಳ್ಳುತ್ತದೆ. ಅಲ್ಲಿಂದ ಸುಮಾರು 13 ಜೋಡಿಗಳ ಗುಳ್ಳೆ ತೆರೆದುಕೊಳ್ಳುತ್ತದೆ.

ಇನ್ನೊಂದು ಆಯ್ಕೆಯಾದ ಮನುಷ್ಯನ ಆರ್‌ಎನ್‌ಎ ಪಾಲಿಮರೇಸ್ 2 ಹನ್ನೆರಡು ಉಪಘಟಕಗಳ ದೊಡ್ಡ ಸಂಸಾರ. ಡಿಎನ್‌ಎಯ ಬಾಗಿಲು ತೆರೆಯಲು ಟಿಎಫ್‌ಐಐಎಚ್ ಎಂಬ ಪ್ರೋಟೀನ್ ಗುಂಪು ನೆಂಟನಾಗಿ ಬರಬೇಕು. ಅದರ ಎಕ್ಸ್‌ಪಿಬಿ ಎಂಬ ಭಾಗ ಎಟಿಪಿ ಖರ್ಚು ಮಾಡಿ, ಮುಂದಿನ ಡಿಎನ್‌ಎಯನ್ನು ತಿರುಚುತ್ತ ಕಿಣ್ವದ ಸೀಳಿನೊಳಗೆ ತಳ್ಳುತ್ತದೆ. ಮಂಡ್ಯದ ಹಳ್ಳಿಯಲ್ಲಿ ಬೆಳೆದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ: ನಾರಿನ ಹಗ್ಗದ ಒಂದು ತುದಿಯನ್ನು ಬಿಗಿಹಿಡಿದು ಇನ್ನೊಂದನ್ನು ಹುರಿಯ ಎದುರು ದಿಕ್ಕಿಗೆ ತಿರುವಿದರೆ ನಡುವೆ ಎಳೆಗಳು ಬಾಯಿ ಬಿಡುತ್ತವೆ. ನಾನು ಹಗ್ಗವನ್ನೇ ಒಯ್ದಿದ್ದೆ. ಸ್ಲೈಡುಗಳನ್ನು ಯಾರೂ ನೋಡಲಿಲ್ಲ.

ಓಟ ಶುರುವಾದ ಮೇಲೆ ಎರಡೂ ಒಂದೇ: ಮುಂದೆ ಬಿಚ್ಚುತ್ತ, ಹಿಂದೆ ಮುಚ್ಚುತ್ತ ಸಾಗುತ್ತವೆ. ಪ್ರಶ್ನೆಗಳಿಗೆ ಹೆದರದವರು ಎರಡನೆಯದನ್ನು ಆರಿಸಲಿ. ಮೊದಲನೆಯದನ್ನು ಆರಿಸಿದವರು ಈ ಕಿಣ್ವವನ್ನು ತಡೆಯುವ ಕ್ಷಯದ ಔಷಧಿ ರಿಫಾಂಪಿಸಿನ್ ಬಗ್ಗೆ ಓದಿಕೊಂಡು ಹೋಗಲಿ. ಅದು ಡಿಎನ್‌ಎ ಬಿಚ್ಚುವುದನ್ನು ತಡೆಯುವುದಿಲ್ಲ, ಎರಡು ಮೂರು ಅಕ್ಷರ ದಾಟಿದ ಆರ್‌ಎನ್‌ಎಯ ದಾರಿಗೆ ಅಡ್ಡ ನಿಲ್ಲುತ್ತದೆ.